ಎರಡು ಸಲ ಪಾಲಾದ ಮನೆ: ಪ್ಯಾಕ್-12 ಕಥೆ

ಪುಲ್‌ಮನ್ ಅಂತ ಒಂದು ಊರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವದ ಅಂಚಿನಲ್ಲಿದೆ. ಎತ್ತ ನೋಡಿದರೂ ಗೋಧಿ ಬೆಳೆಯುವ ದಿಣ್ಣೆಗಳು. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ ಇರುವುದು ಇಲ್ಲೇ. ಅಲ್ಲಿಂದ ಪೂರ್ವಕ್ಕೆ ಸುಮಾರು 13 ಕಿಲೋಮೀಟರ್ ಹೋದರೆ ಗಡಿ ದಾಟಿ ಮಾಸ್ಕೋ ಸಿಗುತ್ತದೆ. ರಷ್ಯಾದ್ದಲ್ಲ, ಐಡಾಹೊ ರಾಜ್ಯದ ಮಾಸ್ಕೋ. ಅಲ್ಲಿ ಐಡಾಹೊ ಯೂನಿವರ್ಸಿಟಿ ಇದೆ. ಮಾಸ್ಕೋದವರನ್ನು 1959ರಲ್ಲಿ ಜೊತೆಗಾರರು ಬಿಟ್ಟು ಹೋದರು. ಪುಲ್‌ಮನ್‌ನವರನ್ನು 2023ರಲ್ಲಿ.

ಈ ಎರಡೂ ಯೂನಿವರ್ಸಿಟಿಗಳು ಒಂದು ಕಾಲಕ್ಕೆ ಒಂದೇ ಮನೆಯವು. ಆ ಮನೆಗೆ ಈಗ ಪ್ಯಾಕ್-12 ಅಂತ ಹೆಸರು. ಅಮೆರಿಕದ ಪಶ್ಚಿಮ ಕರಾವಳಿಯ ಕಾಲೇಜು ಕ್ರೀಡೆಗಳ ದೊಡ್ಡ ಕಾನ್ಫರೆನ್ಸ್ ಅದು. 12 ಸದಸ್ಯರಿದ್ದದ್ದು 2ಕ್ಕೆ ಇಳಿಯಿತು, ಈಗ ಮತ್ತೆ 9ಕ್ಕೆ ಏರಿದೆ. ಹೊಸ ಸದಸ್ಯರ ಲೆಕ್ಕ 2026ರ ಜುಲೈ 1ರಿಂದ. ಹೇಗೆ ಕುಸಿಯಿತು ಅಂತ ಯಾರನ್ನು ಕೇಳಿದರೂ 'ಟಿವಿ ದುಡ್ಡು' ಅನ್ನುತ್ತಾರೆ. ಸುಳ್ಳಲ್ಲ. ಆದರೆ ಹಳೇ ಕಡತ ಬಿಚ್ಚಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಇದೇ ಮನೆ ಮೊದಲೂ ಒಂದು ಸಲ ಒಡೆದಿತ್ತು. ಆಗ ಗಂಟು ಕಟ್ಟಿ ಹೊರಟವರೇ ಈ ಸಲವೂ ಹೊರಟರು, ಆಗ ಹಿಂದೆ ಉಳಿದವರಲ್ಲೇ ಇಬ್ಬರು ಈ ಸಲವೂ ಹಿಂದೆ ಉಳಿದರು.

ಮೊದಲು ಕಾನ್ಫರೆನ್ಸ್ ಅಂದರೇನು ಅಂತ ನೋಡೋಣ. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿ ನಡೆಯುತ್ತದೆ. ಪೇಪರಿನ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದರೆ ಪುಣ್ಯ. ಅಲ್ಲಿ ಹಾಗಲ್ಲ. ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸುಮಾರು 70 ಸಾವಿರ ಜನ ಕೂರುತ್ತಾರೆ. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನ ಹೆಚ್ಚುಕಡಿಮೆ ಎರಡರಷ್ಟು. ಫುಟ್‌ಬಾಲ್ ಅಂದರೆ ಅವರ ಫುಟ್‌ಬಾಲ್, ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವ ಆಟ. ಇಂಥ ತಂಡಗಳಿರುವ ಒಂದಷ್ಟು ಯೂನಿವರ್ಸಿಟಿಗಳು ಸೇರಿ ಪ್ರತಿ ವರ್ಷ ತಮ್ಮತಮ್ಮಲ್ಲೇ ಆಡುವ ಒಪ್ಪಂದ ಮಾಡಿಕೊಂಡರೆ ಅದು ಕಾನ್ಫರೆನ್ಸ್. ಫುಟ್‌ಬಾಲ್ ಜೊತೆಗೆ ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಈಜು, ಓಟ ಎಲ್ಲ ಅದರೊಳಗೇ. ಅದರ ಮುಖ್ಯಸ್ಥನಿಗೆ ಕಮಿಷನರ್ ಅನ್ನುತ್ತಾರೆ. ಪೊಲೀಸ್ ಕಮಿಷನರ್ ನೆನಪಾದರೆ ತಪ್ಪಿಲ್ಲ, ನನಗೂ ಆಗುತ್ತದೆ. ಆದರೆ ಈ ಕಮಿಷನರ್‌ನ ದೊಡ್ಡ ಕೆಲಸ ಎಲ್ಲರ ಪಂದ್ಯಗಳನ್ನು ಒಟ್ಟಿಗೆ ಕಟ್ಟಿ ಟಿವಿಯವರಿಗೆ ಮಾರುವುದು.

ಮನೆಗೆ ಅಡಿಪಾಯ ಬಿದ್ದದ್ದು 1915ರ ಡಿಸೆಂಬರ್ 2ರಂದು, ಆರಿಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ಒಂದು ಹೋಟೆಲಿನಲ್ಲಿ. ಸೇರಿದವರು ನಾಲ್ಕು ಜನ: ಬರ್ಕ್ಲಿಯ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ, ವಾಷಿಂಗ್ಟನ್, ಆರಿಗಾನ್, ಮತ್ತು ಆರಿಗಾನ್ ಕೃಷಿ ಕಾಲೇಜು. ಈ ಕೃಷಿ ಕಾಲೇಜೇ ಇಂದಿನ ಆರಿಗಾನ್ ಸ್ಟೇಟ್. ಹೆಸರು ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್. 1917ರಲ್ಲಿ ವಾಷಿಂಗ್ಟನ್ ಸ್ಟೇಟ್ ಬಂತು, ಮರುವರ್ಷ ಸ್ಟ್ಯಾನ್‌ಫರ್ಡ್. 1922ರಲ್ಲಿ ಲಾಸ್ ಏಂಜಲಿಸ್‌ನ ಯುಎಸ್‌ಸಿ ಮತ್ತು ಐಡಾಹೊ, 1924ರಲ್ಲಿ ಮೊಂಟಾನಾ, 1928ರಲ್ಲಿ ಲಾಸ್ ಏಂಜಲಿಸ್‌ನದ್ದೇ ಆದ ಯುಸಿಎಲ್‌ಎ. ಮೊಂಟಾನಾ 1950ರಲ್ಲಿ ತಾನಾಗಿಯೇ ಹೊರಟಿತು. ಉಳಿದದ್ದು ಒಂಬತ್ತು.

ಒಂಬತ್ತು ಮಂದಿಯಲ್ಲಿ ಶ್ರೀಮಂತರೂ ಇದ್ದರು, ಹಳ್ಳಿಯವರೂ ಇದ್ದರು. ಲಾಸ್ ಏಂಜಲಿಸ್, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ, ಸಿಯಾಟಲ್ ಒಂದು ಕಡೆ. ಆರಿಗಾನ್ ಸ್ಟೇಟ್ ಇರುವ ಕೊರ್ವಾಲಿಸ್, ಪುಲ್‌ಮನ್, ಮಾಸ್ಕೋದಂಥ ಸಣ್ಣ ಊರುಗಳು ಇನ್ನೊಂದು ಕಡೆ. ಮನಸ್ತಾಪ ಒಳಗೊಳಗೇ ಇತ್ತು. 1956ರಲ್ಲಿ ಹೊರಗೆ ಬಂತು. ಆಗಿನ ನಿಯಮದ ಪ್ರಕಾರ ಆಟಗಾರ ಕೆಲಸ ಮಾಡಿ ತಿಂಗಳಿಗೆ 75 ಡಾಲರ್ ದುಡಿಯಬಹುದಿತ್ತು, ಅದಕ್ಕಿಂತ ಜಾಸ್ತಿ ಇಲ್ಲ. ಆದರೆ ಊರಿನ ಶ್ರೀಮಂತ ಅಭಿಮಾನಿಗಳು ಕ್ಲಬ್ಬು, ನಿಧಿ ಅಂತ ಏನೇನೋ ಹೆಸರಿನಲ್ಲಿ ಗುಟ್ಟಾಗಿ ದುಡ್ಡು ಸೇರಿಸಿ ಆಟಗಾರರ ಜೇಬಿಗೆ ಹಾಕುತ್ತಿದ್ದರು. ಸಿಕ್ಕಿಬಿದ್ದವರು ವಾಷಿಂಗ್ಟನ್, ಯುಸಿಎಲ್‌ಎ, ಯುಎಸ್‌ಸಿ ಮತ್ತು ಬರ್ಕ್ಲಿ. ದಂಡ ಬಿತ್ತು, ಪಂದ್ಯಗಳಿಗೆ ನಿಷೇಧ ಬಿತ್ತು. ದೊಡ್ಡ ಊರಿನವರಿಗೆ ಸಿಟ್ಟು. ಸಣ್ಣ ಊರಿನವರು ನಮ್ಮ ಮೇಲೆ ಕಾನೂನು ಓದುತ್ತಿದ್ದಾರಲ್ಲ ಅಂತ.

1959ರಲ್ಲಿ ಮನೆಯೇ ಮುಚ್ಚಿತು. ಬರ್ಕ್ಲಿ, ಯುಎಸ್‌ಸಿ, ಯುಸಿಎಲ್‌ಎ, ವಾಷಿಂಗ್ಟನ್ ಸೇರಿ ಬೇರೆ ಮನೆ ಹೂಡಿದರು. ಹಿಂದೆಯೇ ಸ್ಟ್ಯಾನ್‌ಫರ್ಡ್ ಹೋಯಿತು. ಆರಿಗಾನ್, ಆರಿಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್, ಐಡಾಹೊ ಬೀದಿಗೆ ಬಿದ್ದವು.

ಇಲ್ಲಿ ಒಂದು ಮಜಾ ಇದೆ. ಆ ದಿನಗಳಲ್ಲಿ ಕೆಲವರ ತಲೆಯಲ್ಲಿ ದೇಶಪೂರ್ತಿ ಹರಡುವ ಒಂದು ಕಾನ್ಫರೆನ್ಸ್ ಓಡುತ್ತಿತ್ತು. ಪಶ್ಚಿಮದಿಂದ ಈ ಐವರು, ಪೂರ್ವದಿಂದ ನೋಟರ್ ಡೇಮ್, ಪೆನ್ ಸ್ಟೇಟ್, ಸೇನೆಯ ಅಕಾಡೆಮಿಗಳು. ವಿಮಾನದಲ್ಲಿ ಹಾರಾಡಿಕೊಂಡು ಆಡುವುದು. ಜನ ಅದಕ್ಕೆ 'ಏರ್‌ಪ್ಲೇನ್ ಕಾನ್ಫರೆನ್ಸ್' ಅಂತಲೇ ಹೆಸರಿಟ್ಟರು. ಸೇನಾ ಅಕಾಡೆಮಿಗಳಿಗೆ ಮೇಲಿನವರ ಒಪ್ಪಿಗೆ ಸಿಗಲಿಲ್ಲ, ಯೋಜನೆ ಮೂಲೆ ಸೇರಿತು. ಆಗ ಅದು ಹುಚ್ಚು ಕನಸು. ಈಗ ಯುಸಿಎಲ್‌ಎ ತಂಡ ಕಾನ್ಫರೆನ್ಸ್ ಪಂದ್ಯಕ್ಕೆಂದೇ ನ್ಯೂಜೆರ್ಸಿಗೆ ಹಾರುತ್ತದೆ.

ಆಮೇಲೆ ರಾಜಿಯಾಯಿತು. 1962ರಲ್ಲಿ ವಾಷಿಂಗ್ಟನ್ ಸ್ಟೇಟನ್ನು, 1964ರಲ್ಲಿ ಆರಿಗಾನ್‌ನ ಎರಡನ್ನೂ ಒಳಗೆ ಕರೆದುಕೊಂಡರು. ಐಡಾಹೊವನ್ನು ಮಾತ್ರ ಕರೆಯಲಿಲ್ಲ. ಅದು ಬಿಗ್ ಸ್ಕೈ ಅನ್ನುವ ಸಣ್ಣ ಕಾನ್ಫರೆನ್ಸ್ ಕಟ್ಟುವವರ ಜೊತೆ ಸೇರಿತು. 1968ರಲ್ಲಿ ಪ್ಯಾಕ್-8 ಅಂತ ನಾಮಕರಣ. 1978ರಲ್ಲಿ ಅರಿಜೋನಾ ಮತ್ತು ಅರಿಜೋನಾ ಸ್ಟೇಟ್ ಬಂದು ಪ್ಯಾಕ್-10. 2011ರಲ್ಲಿ ಕೊಲೊರಾಡೊ, ಯೂಟಾ ಬಂದು ಪ್ಯಾಕ್-12. ಈ ಕಾನ್ಫರೆನ್ಸಿನ ಒಂದು ಒಳ್ಳೆಯ ಗುಣ ನೋಡಿ, ಸದಸ್ಯರ ಸಂಖ್ಯೆ ಬದಲಾದರೆ ಬೋರ್ಡನ್ನೂ ಬದಲಾಯಿಸುತ್ತಿತ್ತು. ಬಿಗ್ ಟೆನ್ ಅಂತ ಇನ್ನೊಂದು ದೊಡ್ಡ ಕಾನ್ಫರೆನ್ಸ್ ಇದೆ, ಅದು ಹಾಗಲ್ಲ. ಹೆಸರಲ್ಲಿ ಹತ್ತು, ಲೆಕ್ಕದಲ್ಲಿ ಈಗ ಹದಿನೆಂಟು.

ಆಟದಲ್ಲಿ ಈ ಮನೆಯನ್ನು ಮೀರಿಸುವವರು ಕಡಿಮೆ. ತಮ್ಮನ್ನು ತಾವೇ 'ಚಾಂಪಿಯನ್ನರ ಕಾನ್ಫರೆನ್ಸ್' ಅಂತ ಕರೆದುಕೊಳ್ಳುತ್ತಿದ್ದರು. ಜಂಬ ಅನ್ನಿಸಬಹುದು, ಆದರೆ ಅದರ ಹಿಂದೆ 500ಕ್ಕೂ ಹೆಚ್ಚು ರಾಷ್ಟ್ರೀಯ ಪ್ರಶಸ್ತಿಗಳಿದ್ದವು. ಜಾನ್ ವುಡನ್ ಕೋಚ್ ಆಗಿದ್ದಾಗ ಯುಸಿಎಲ್‌ಎ ಬ್ಯಾಸ್ಕೆಟ್‌ಬಾಲ್ ತಂಡ 1964ರಿಂದ 1975ರೊಳಗಿನ 12 ವರ್ಷದಲ್ಲಿ 10 ಸಲ ಚಾಂಪಿಯನ್ ಆಯಿತು. ಸ್ಟ್ಯಾನ್‌ಫರ್ಡ್ ಕಥೆಯೇ ಬೇರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಲ್ಲಿ ಓದಿದ, ಓದುತ್ತಿರುವ ಕ್ರೀಡಾಪಟುಗಳು ಗೆದ್ದ ಪದಕ 39. ಇಡೀ ಭಾರತಕ್ಕೆ ಬಂದದ್ದು 6. ಹೊಟ್ಟೆ ಉರಿಯುತ್ತೆ ಅಲ್ವಾ?

ಬೇ ಏರಿಯಾದಲ್ಲಿ ನೆಲೆಸಿರುವ ನಮ್ಮ ಕನ್ನಡದವರಿಗೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಅಂದರೆ ಕಂಪ್ಯೂಟರ್ ಸೈನ್ಸ್ ಸೀಟು. ಮಕ್ಕಳಿಗೆ ಮಾತ್ರ ಶನಿವಾರದ ಪಂದ್ಯವೂ ಹೌದು. ಫ್ರೀಮಾಂಟ್‌ನಲ್ಲಿರುವ ನನ್ನ ಸ್ನೇಹಿತರೊಬ್ಬರ ಮಗಳು ಬರ್ಕ್ಲಿಯಲ್ಲಿ ಓದುತ್ತಾಳೆ. ಬರ್ಕ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿದ ಸುದ್ದಿ ಬಂದಾಗ ಅವರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನಮ್ಮ ಮನೆ ಹತ್ತಿರದ ಸಮುದ್ರದ ಹೆಸರು ಯಾವಾಗ ಬದಲಾಯ್ತು ಮಾರಾಯ?"

ಸಮುದ್ರದ ಹೆಸರು ಬದಲಾಯಿಸಿದ್ದು ಟಿವಿ. ಅದರ ಬೇರು 1984ರಲ್ಲಿದೆ. ಅಲ್ಲಿಯವರೆಗೆ ಕಾಲೇಜು ಫುಟ್‌ಬಾಲಿನ ಟಿವಿ ಹಕ್ಕು ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಕೈಯಲ್ಲಿತ್ತು. ಯಾವ ತಂಡ ಎಷ್ಟು ಸಲ ಟಿವಿಯಲ್ಲಿ ಬರಬೇಕು ಅಂತ ಅದೇ ಹೇಳುತ್ತಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾ ಯೂನಿವರ್ಸಿಟಿಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ 7–2ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಅಂದಿನಿಂದ ಹಕ್ಕು ಯೂನಿವರ್ಸಿಟಿಗಳದ್ದು, ಅಂದರೆ ಕಾನ್ಫರೆನ್ಸ್‌ಗಳದ್ದು. ಜೊತೆಗಾರರು ಯಾರು ಅನ್ನುವುದರ ಮೇಲೆ ಬೆಲೆ ನಿಲ್ಲತೊಡಗಿತು. ಟೆಕ್ಸಾಸ್ ಸುತ್ತಮುತ್ತ 1914ರಿಂದ ಇದ್ದ ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಬಾಗಿಲು ಹಾಕಿತು. ಅದು ಪಶ್ಚಿಮದವರಿಗೆ ಎಚ್ಚರಿಕೆ ಆಗಬೇಕಿತ್ತು, ಆಗಲಿಲ್ಲ.

2009ರಲ್ಲಿ ಲ್ಯಾರಿ ಸ್ಕಾಟ್ ಕಮಿಷನರ್ ಆಗಿ ಬಂದರು. ಮಹಿಳಾ ಟೆನಿಸ್ ಸಂಸ್ಥೆ ನಡೆಸಿ ಬಂದವರು, ದೊಡ್ಡದಾಗಿ ಯೋಚಿಸುವವರು. 2010ರಲ್ಲಿ ಟೆಕ್ಸಾಸ್, ಒಕ್ಲಹೋಮಾ ಸೇರಿ ಆರು ಮಂದಿಯನ್ನು ಎಳೆದುಕೊಂಡು ಪ್ಯಾಕ್-16 ಮಾಡಲು ಹೊರಟರು. ಕೈಗೆ ಸಿಕ್ಕಿದ್ದು ಕೊಲೊರಾಡೊ ಒಂದೇ. ಯೂಟಾವನ್ನು ಬೇರೆ ಕಡೆಯಿಂದ ತಂದರು. 2011ರಲ್ಲಿ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ 12 ವರ್ಷಕ್ಕೆ ಸುಮಾರು 300 ಕೋಟಿ ಡಾಲರ್ ಒಪ್ಪಂದವಾಯಿತು. ಆ ಹೊತ್ತಿಗೆ ದೇಶದಲ್ಲೇ ದೊಡ್ಡ ಒಪ್ಪಂದ ಅದು, ಎಲ್ಲರೂ ಬೆನ್ನು ತಟ್ಟಿದರು. 2012ರಲ್ಲಿ ಸ್ವಂತ ಟಿವಿ ಚಾನೆಲ್‌ಗಳನ್ನೂ ತೆರೆದರು. ನನ್ನ ಪ್ರಕಾರ ಎಡವಿದ್ದು ಇಲ್ಲೇ. ಬಿಗ್ ಟೆನ್ ತನ್ನ ಚಾನೆಲ್ಲಿಗೆ ಫಾಕ್ಸನ್ನು ಪಾಲುದಾರ ಮಾಡಿಕೊಂಡಿತ್ತು. ದಕ್ಷಿಣದ ಎಸ್‌ಇಸಿ ಕಾನ್ಫರೆನ್ಸ್ ಇಎಸ್‌ಪಿಎನ್ ಕೈ ಹಿಡಿಯಿತು. ಸ್ಕಾಟ್ ಮಾತ್ರ ಪೂರ್ತಿ ನಮ್ಮದೇ ಇರಲಿ ಅಂದರು. ಡೈರೆಕ್ಟ್‌ಟಿವಿ ಅನ್ನುವ ದೊಡ್ಡ ಡಿಷ್ ಕಂಪನಿಯ ಜೊತೆ ಮಾತುಕತೆ ಕುದುರಲೇ ಇಲ್ಲ. ಕೋಟ್ಯಂತರ ಮನೆಗಳಿಗೆ ಆ ಚಾನೆಲ್ ತಲುಪಲೇ ಇಲ್ಲ. ಅಂಗಡಿ ದೊಡ್ಡದು, ದಾರಿಯೇ ಇಲ್ಲ ಅಂದ ಹಾಗೆ.

ಹೊತ್ತಿನ ತೊಡಕೂ ಇತ್ತು. ಪಶ್ಚಿಮದಲ್ಲಿ ಸಂಜೆ ಏಳೂವರೆಗೆ ಶುರುವಾಗುವ ಪಂದ್ಯ ನ್ಯೂಯಾರ್ಕಿನವರಿಗೆ ರಾತ್ರಿ ಹತ್ತೂವರೆ. ಅವರು ಮಲಗುವ ಹೊತ್ತು. ನಮಗೆ ಭಾನುವಾರ ಬೆಳಗ್ಗೆ ಎಂಟು ಗಂಟೆ, ಕಾವಲಿ ಮೇಲೆ ದೋಸೆ ಹಾಕುವ ಸಮಯ. ಹಾಗಾಗಿ ಬೆಂಗಳೂರಲ್ಲಿ ಕೂತು ಪ್ಯಾಕ್-12 ನೋಡುವುದು ಸುಲಭ, ಬಾಸ್ಟನ್‌ನಲ್ಲಿ ಕೂತು ನೋಡುವುದು ಕಷ್ಟ! ಜಾಹೀರಾತಿನವರು ಲೆಕ್ಕ ಹಾಕುವುದು ಬಾಸ್ಟನ್‌ನವರನ್ನು ಅನ್ನುವುದೇ ತೊಂದರೆ.

2022ರ ಜೂನ್ 30ರಂದು ಯುಎಸ್‌ಸಿ ಮತ್ತು ಯುಸಿಎಲ್‌ಎ ನಾವು ಬಿಗ್ ಟೆನ್‌ಗೆ ಹೊರಟೆವು ಅಂದವು. ದೇಶದ ಎರಡನೇ ದೊಡ್ಡ ಟಿವಿ ಮಾರುಕಟ್ಟೆ ಲಾಸ್ ಏಂಜಲಿಸ್ ಒಂದೇ ಏಟಿಗೆ ಕೈಬಿಟ್ಟು ಹೋಯಿತು. ಆರೇಳು ವಾರದಲ್ಲಿ ಬಿಗ್ ಟೆನ್ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದಕ್ಕೆ ಸಹಿ ಹಾಕಿತು. ಇತ್ತ ಪ್ಯಾಕ್‌ನ ಹೊಸ ಕಮಿಷನರ್ ಜಾರ್ಜ್ ಕ್ಲಿಯಾವ್‌ಕಾಫ್ ಉಳಿದ ಹತ್ತು ಮಂದಿಗೆ ಟಿವಿ ಹುಡುಕುತ್ತಿದ್ದರು. ಇಎಸ್‌ಪಿಎನ್ ಒಂದೊಂದು ಯೂನಿವರ್ಸಿಟಿಗೆ ವರ್ಷಕ್ಕೆ 3 ಕೋಟಿ ಡಾಲರ್ ಕೊಡುತ್ತೇವೆ ಅಂದಿತ್ತು, ಇವರು 5 ಕೋಟಿ ಕೇಳಿದರು, ಅಲ್ಲಿಗೆ ಮಾತು ಮುರಿಯಿತು ಅಂತ ಆಮೇಲೆ ವರದಿಗಳು ಬಂದವು. ಸಂತೆಯಲ್ಲಿ ಜಾಸ್ತಿ ಹೇಳಿ ಗಿರಾಕಿ ಕಳೆದುಕೊಂಡವರ ಕಥೆ. ಅಷ್ಟರಲ್ಲಿ ಬಿಗ್ 12 ಅನ್ನುವ ಇನ್ನೊಂದು ಕಾನ್ಫರೆನ್ಸ್ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಒಪ್ಪಂದ ಮುಗಿಸಿಕೊಂಡಿತ್ತು.

2023ರ ಜುಲೈ 27ರಂದು ಕೊಲೊರಾಡೊ ಹಳೇ ಮನೆ ಬಿಗ್ 12ಕ್ಕೆ ವಾಪಸ್ ಹೋಯಿತು. ಆಗಸ್ಟ್ 1ಕ್ಕೆ ಕ್ಲಿಯಾವ್‌ಕಾಫ್ ತಂದದ್ದು ಆಪಲ್ ಕಂಪನಿಯ ಆಫರ್. ಖಚಿತ ಮೊತ್ತ ಕಮ್ಮಿ, ಚಂದಾದಾರರು ಜಾಸ್ತಿಯಾದಂತೆ ದುಡ್ಡು ಜಾಸ್ತಿ. ಟಿವಿಯಲ್ಲಿ ಅಲ್ಲ, ಆ್ಯಪ್‌ನಲ್ಲಿ. ಕೆಲವರಿಗೆ ಇದು ನಾಳಿನ ದಾರಿ ಅನ್ನಿಸಿತು, ಕೆಲವರಿಗೆ ಲಾಟರಿ. ಆಗಸ್ಟ್ 4ರ ಬೆಳಗ್ಗೆ ಸಹಿ ಬೀಳಬಹುದು ಅಂತ ಎಲ್ಲರೂ ಕಾಯುತ್ತಿದ್ದರು. ಸಂಜೆಯೊಳಗೆ ವಾಷಿಂಗ್ಟನ್, ಆರಿಗಾನ್ ಬಿಗ್ ಟೆನ್‌ಗೆ ಹೊರಟಿದ್ದವು. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ. ಒಂದೇ ದಿನ ಐದು. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್, ಬರ್ಕ್ಲಿ ಅಟ್ಲಾಂಟಿಕ್ ಕೋಸ್ಟ್‌ಗೆ ಹೋದವು. ಅದೂ ಸುಮ್ನೆ ಅಲ್ಲ, ಹಲವು ವರ್ಷ ಟಿವಿ ಹಣದಲ್ಲಿ ಮೂರನೇ ಒಂದು ಭಾಗಕ್ಕೂ ಕಡಿಮೆ ಪಾಲು ಸಾಕು ಅಂತ ಒಪ್ಪಿಕೊಂಡು. ಒಲಿಂಪಿಕ್ಸ್‌ನಲ್ಲಿ 39 ಪದಕ ತರುವ ಯೂನಿವರ್ಸಿಟಿಗೆ ಟಿವಿ ಮಾರುಕಟ್ಟೆ ಕಟ್ಟಿದ ಬೆಲೆ ಅದು.

ಕೊನೆಗೆ ಉಳಿದವರು ಇಬ್ಬರು. ಕೊರ್ವಾಲಿಸ್‌ನ ಆರಿಗಾನ್ ಸ್ಟೇಟ್, ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್. 1959ರಲ್ಲಿ ಬೀದಿಗೆ ಬಿದ್ದಿದ್ದ ಅದೇ ಇಬ್ಬರು. ಅವರು ಆಟದಲ್ಲೇನೂ ಹಿಂದೆ ಇರಲಿಲ್ಲ. ಆದರೆ ಪುಲ್‌ಮನ್‌ನ ಸ್ಟೇಡಿಯಂನಲ್ಲಿ ಹಿಡಿಯುವುದು ಸುಮಾರು 33 ಸಾವಿರ ಜನ. ಸುತ್ತ ಟಿವಿ ಇಟ್ಟುಕೊಂಡ ಮನೆಗಳಿಗಿಂತ ಗೋಧಿ ಹೊಲಗಳೇ ಜಾಸ್ತಿ.

ಪಾಲು ಪಂಚಾಯ್ತಿ ನಡೆದದ್ದು ಈಗ. ಮನೆ ಬಿಡುವ ಹತ್ತು ಮಂದಿಗೂ ಇನ್ನೂ ಒಂದು ವರ್ಷ ಆಡುವುದಿತ್ತು, 2024ರ ಆಗಸ್ಟ್ ತನಕ ಅವರೂ ಸದಸ್ಯರೇ. ಕಾನ್ಫರೆನ್ಸಿನ ಖಜಾನೆಯಲ್ಲಿ ಕೋಟಿಗಟ್ಟಲೆ ಡಾಲರ್. ಹತ್ತು ಜನ ಕೂತು ವೋಟ್ ಹಾಕಿ ಮನೆಯನ್ನೇ ಮುಚ್ಚಿ ದುಡ್ಡು ಹಂಚಿಕೊಂಡರೆ? ಇಬ್ಬರೂ ವಿಟ್ಮನ್ ಕೌಂಟಿಯ ಕೋರ್ಟಿಗೆ ಓಡಿದರು. ಕೋರ್ಟ್ ಇರುವುದು ಕೋಲ್‌ಫ್ಯಾಕ್ಸ್ ಅನ್ನುವ ಪುಟ್ಟ ಊರಿನಲ್ಲಿ, ಅದೇ ಗೋಧಿ ಸೀಮೆಯಲ್ಲಿ. ನಮ್ಮ ತಾಲ್ಲೂಕು ಕೋರ್ಟು ಅಂದುಕೊಳ್ಳಿ. ಅಲ್ಲಿ ಸ್ಟ್ಯಾನ್‌ಫರ್ಡ್, ಬರ್ಕ್ಲಿಯಂಥವರ ವಕೀಲರು ಬಂದು ಸಾಲಾಗಿ ಕೂತರು.

ವಾದದ ತಿರುಳು ಸರಳವಾಗಿತ್ತು. ಅವಧಿ ಮುಗಿಯುವ ಮೊದಲೇ ಬಿಡುತ್ತೇನೆ ಅಂತ ನೋಟಿಸ್ ಕೊಟ್ಟ ಸದಸ್ಯನಿಗೆ ಆಡಳಿತ ಮಂಡಳಿಯಲ್ಲಿ ಕುರ್ಚಿ ಇಲ್ಲ ಅಂತ ಕಾನ್ಫರೆನ್ಸಿನ ನಿಯಮದಲ್ಲೇ ಬರೆದಿತ್ತು. 2022ರಲ್ಲಿ ಯುಎಸ್‌ಸಿ, ಯುಸಿಎಲ್‌ಎ ಹೊರಟಾಗ ಉಳಿದ ಹತ್ತೂ ಜನ ಇದೇ ಸಾಲು ತೋರಿಸಿ ಅವರನ್ನು ಮಂಡಳಿಯಿಂದ ಎಬ್ಬಿಸಿದ್ದರು. ಒಂದು ವರ್ಷದ ನಂತರ ಆ ಹತ್ತರಲ್ಲೇ ಎಂಟು ಜನ, ನಮಗೆ ಆ ಸಾಲು ಹೊಂದುವುದಿಲ್ಲ ಅಂದರೆ ಯಾವ ಜಡ್ಜ್ ಕೇಳುತ್ತಾರೆ? ನ್ಯಾಯಾಧೀಶ ಗ್ಯಾರಿ ಲೀಬಿ 2023ರ ನವೆಂಬರ್‌ನಲ್ಲಿ ಮಂಡಳಿಯ ಹಿಡಿತವನ್ನು ಇಬ್ಬರಿಗೇ ಕೊಟ್ಟರು. ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಹೊರಟವರು ರಾಜಿಗೆ ಬಂದರು. ಒಬ್ಬೊಬ್ಬರ ಪಾಲಿನಿಂದಲೂ ದುಡ್ಡು ಹಿಡಿದುಕೊಂಡದ್ದಾಯಿತು. ಹೆಸರು, ಖಜಾನೆ, ನೂರು ವರ್ಷದ ದಾಖಲೆ ಎಲ್ಲ ಮನೆಯಲ್ಲೇ ಉಳಿದ ಇಬ್ಬರಿಗೆ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಪಂಚಾಯ್ತಿ. ಯುಸಿಎಲ್‌ಎ ಮತ್ತು ಬರ್ಕ್ಲಿ ಎರಡೂ ಒಂದೇ ಸರ್ಕಾರಿ ವ್ಯವಸ್ಥೆಯ ಮಕ್ಕಳು. ತಂಗಿ ಯುಸಿಎಲ್‌ಎ ಶ್ರೀಮಂತರ ಮನೆಗೆ ಹೋಗಿ ಅಕ್ಕ ಬರ್ಕ್ಲಿಯನ್ನು ಬಡತನಕ್ಕೆ ತಳ್ಳಿದಳು ಅಂತ ದೂರು. ಆಡಳಿತ ಮಂಡಳಿ 2024ರಲ್ಲಿ ಯುಸಿಎಲ್‌ಎ ಮೂರು ವರ್ಷ, ವರ್ಷಕ್ಕೆ 1 ಕೋಟಿ ಡಾಲರ್ ಬರ್ಕ್ಲಿಗೆ ಕೊಡಬೇಕು ಅಂತ ತೀರ್ಮಾನಿಸಿತು. ಬರ್ಕ್ಲಿಯ ಅಡ್ಡಹೆಸರು 'ಕ್ಯಾಲ್', ಜೀವನಾಂಶಕ್ಕೆ ಇಂಗ್ಲಿಷಿನಲ್ಲಿ 'ಆಲಿಮೊನಿ'. ಎರಡನ್ನೂ ಕೂಡಿಸಿ ಜನ ಇದಕ್ಕೆ 'ಕ್ಯಾಲಿಮೊನಿ' ಅಂದರು.

ಇದರಲ್ಲಿ ಫುಟ್‌ಬಾಲ್ ಆಟಗಾರರ ಪಾಡು ಪರವಾಗಿಲ್ಲ. ವಾರಕ್ಕೊಂದು ಪಂದ್ಯ, ಬಾಡಿಗೆ ವಿಮಾನ. ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರಿಗೆ ವಾರದ ನಡುವೆಯೂ ಪಂದ್ಯ ಇರುತ್ತದೆ. ಲಾಸ್ ಏಂಜಲಿಸ್‌ನಿಂದ ನ್ಯೂಜೆರ್ಸಿ ಸುಮಾರು 4,000 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ವಿಮಾನ ಹೋಗುವ ದೂರದ ಎರಡರಷ್ಟಕ್ಕಿಂತ ಜಾಸ್ತಿ. ಮೂರು ಗಂಟೆ ಕಾಲವ್ಯತ್ಯಾಸ ಬೇರೆ. ಮರುದಿನ ಬೆಳಗ್ಗೆ ಕ್ಲಾಸು. ಟಿವಿ ದುಡ್ಡು ತಂದುಕೊಟ್ಟದ್ದು ಅವರ ಆಟವಲ್ಲ, ದೂರ ಮಾತ್ರ ಅವರ ಪಾಲಿಗೂ ಬಂತು. ಇಡೀ ಪ್ರಕರಣದಲ್ಲಿ ನನಗೆ ಅನ್ಯಾಯ ಅಂತ ಕಾಣುವುದು ಇದೇ.

ಗೆದ್ದ ಇಬ್ಬರ ಕೈಯಲ್ಲಿ ಹೆಸರಿತ್ತು, ದುಡ್ಡಿತ್ತು, ಆಡಲು ಜನ ಇರಲಿಲ್ಲ. ಮೇಲ್ದರ್ಜೆಯ ಫುಟ್‌ಬಾಲ್ ಕಾನ್ಫರೆನ್ಸ್ ಅನ್ನಿಸಿಕೊಳ್ಳಲು ಕನಿಷ್ಠ ಎಂಟು ಬೇಕು. ಕಮ್ಮಿಯಾದರೆ ಎರಡು ವರ್ಷ ಗಡುವು. 2024ರಲ್ಲಿ ಪಕ್ಕದ ಮೌಂಟನ್ ವೆಸ್ಟ್ ಕಾನ್ಫರೆನ್ಸ್ ದುಡ್ಡು ತೆಗೆದುಕೊಂಡು ಇವರಿಗೆ ಆರಾರು ಪಂದ್ಯ ಕೊಟ್ಟಿತು. ನಮ್ಮವರನ್ನು ಎಳೆದುಕೊಂಡು ಹೋದರೆ ದಂಡ ಕಟ್ಟಬೇಕು ಅಂತಲೂ ಬರೆಸಿಕೊಂಡಿತು. ಅನುಮಾನ ಸುಳ್ಳಾಗಲಿಲ್ಲ. ಮಾರ್ಚ್‌ನಲ್ಲಿ ಕಮಿಷನರ್ ಆದ ಟೆರೆಸಾ ಗೌಲ್ಡ್ ಸೆಪ್ಟೆಂಬರ್ 12ರಂದು ಬಾಯ್ಸಿ ಸ್ಟೇಟ್, ಕೊಲೊರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೆಗೊ ಸ್ಟೇಟ್ ನಾಲ್ವರನ್ನೂ ಕರೆತಂದರು. ಅದೇ ತಿಂಗಳು ಯೂಟಾ ಸ್ಟೇಟ್ ಕೂಡ. ಐವರೂ ಮೌಂಟನ್ ವೆಸ್ಟ್‌ನವರೇ. ಉಂಡ ಮನೆಯ ಜಂತಿ ಎಣಿಸುವುದು ಅಂದರೆ ಇದೇ ತಾನೆ? ದಂಡದ ಲೆಕ್ಕ 5.5 ಕೋಟಿ ಡಾಲರ್ ಆಯಿತು. ಕೊಡಬೇಕೋ ಬೇಡವೋ ಅನ್ನುವ ಜಗಳ ಮತ್ತೆ ಕೋರ್ಟಿಗೆ ಹೋಯಿತು.

ಮೌಂಟನ್ ವೆಸ್ಟ್ ಮೇಲೆ ಪಾಪ ಅನ್ನಿಸುವ ಮೊದಲು ಅದು ಹುಟ್ಟಿದ್ದು ಹೇಗೆ ಅಂತಲೂ ಕೇಳಿ. ಡಬ್ಲ್ಯುಎಸಿ ಅನ್ನುವ ಕಾನ್ಫರೆನ್ಸ್ 1996ರಲ್ಲಿ 16 ಸದಸ್ಯರಿಗೆ ಊದಿಕೊಂಡಿತ್ತು. ಎರಡು ವರ್ಷಕ್ಕೇ ಐದು ಯೂನಿವರ್ಸಿಟಿಗಳ ಮುಖ್ಯಸ್ಥರು ಡೆನ್ವರ್ ಏರ್‌ಪೋರ್ಟಿನಲ್ಲಿ ಗುಟ್ಟಾಗಿ ಸೇರಿ ಬೇರೆಯಾಗಲು ನಿರ್ಧರಿಸಿದರು. ಹೊರಬಂದ ಎಂಟು ಮಂದಿ ಕಟ್ಟಿದ್ದೇ ಮೌಂಟನ್ ವೆಸ್ಟ್. ಇವತ್ತು 18 ಸದಸ್ಯರ ಬಿಗ್ ಟೆನ್ ನೋಡಿ ಬೀಗುವವರು ಆ 16ರ ಮನೆ ಎಷ್ಟು ದಿನ ನಿಂತಿತು ಅಂತ ಒಮ್ಮೆ ನೋಡಬಹುದು.

2024ರ ಅಕ್ಟೋಬರ್‌ನಲ್ಲಿ ಗೊನ್ಝಾಗಾ ಬಂತು. ಬ್ಯಾಸ್ಕೆಟ್‌ಬಾಲಿನಲ್ಲಿ ಹುಲಿ, ಫುಟ್‌ಬಾಲ್ ತಂಡವೇ ಇಲ್ಲ. 2025ರ ಜೂನ್ 30ರಂದು ಟೆಕ್ಸಾಸ್ ಸ್ಟೇಟ್ ಸೇರಿ ಫುಟ್‌ಬಾಲಿಗೆ ಎಂಟು ಭರ್ತಿಯಾಯಿತು. ಟೆಕ್ಸಾಸ್‌ಗೂ ಪೆಸಿಫಿಕ್‌ಗೂ ಏನು ಸಂಬಂಧ ಅಂತ ಕೇಳಬೇಡಿ. ಸಿಬಿಎಸ್ ಜೊತೆ 2031ರ ತನಕ ಟಿವಿ ಒಪ್ಪಂದವೂ ಆಗಿದೆ. ದೊಡ್ಡವರ ಪಕ್ಕ ಇಟ್ಟರೆ ಇದು ಸಣ್ಣ ಮನೆಯೇ. ಆದರೆ ಟೆಕ್ಸಾಸ್ ಸ್ಟೇಟನ್ನು ಬಿಟ್ಟರೆ ಎಲ್ಲರೂ ಒಂದು ಸೀಮೆಯವರು.

ಇನ್ನೊಂದು ಬದಲಾವಣೆ ಇದೇ ಹೊತ್ತಿಗೆ ಆಯಿತು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಇತ್ಯರ್ಥದ ಪ್ರಕಾರ ಯೂನಿವರ್ಸಿಟಿಗಳು ತಮ್ಮ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಒಂದೊಂದು ಯೂನಿವರ್ಸಿಟಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. 1956ರಲ್ಲಿ ತಿಂಗಳಿಗೆ 75 ಡಾಲರ್ ಮೇಲೆ ಕೊಟ್ಟಿದ್ದಕ್ಕೆ ಈ ಮನೆ ಒಡೆದಿತ್ತು. ಈಗ ಕೊಡಲು ಗತಿಯಿಲ್ಲದವರು ಆಟದಿಂದಲೇ ಹೊರಬೀಳುವ ಭಯ. ಹಳೇ ನೆರೆಹೊರೆಯ ಪಂದ್ಯಗಳನ್ನೂ ಈಗ ಬೇರೆಯಾಗಿ ಕಾಗದ ಮಾಡಿಕೊಂಡೇ ಆಡಬೇಕು. ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ನಡುವಿನ ಆಪಲ್ ಕಪ್‌ಗೆ 2028ರ ತನಕ ಅಂಥ ಕಾಗದ ಇದೆ. ಬೇರೆಯಾದ ಮೇಲಿನ ಮೊದಲ ಪಂದ್ಯ 2024ರ ಸೆಪ್ಟೆಂಬರ್ 14ರಂದು ಸಿಯಾಟಲ್‌ನಲ್ಲಿ. ಕೊನೆ ಗಳಿಗೆ, ಶ್ರೀಮಂತರ ತಂಡಕ್ಕೆ ಗೆಲ್ಲಲು ಬೇಕಿದ್ದದ್ದು ಒಂದೇ ಒಂದು ಗಜ, ಉಳಿದಿದ್ದದ್ದು ಒಂದೇ ಯತ್ನ. ಪುಲ್‌ಮನ್ ಹುಡುಗರು ಗೋಡೆ ಕಟ್ಟಿ ನಿಂತು ತಡೆದರು. 24–19.

ಮರುವರ್ಷ, 2025ರ ಆಗಸ್ಟ್ 30ರಂದು, ಅದೇ ಹುಡುಗರ ಸೀಸನ್ನಿನ ಮೊದಲ ಪಂದ್ಯ ಪುಲ್‌ಮನ್‌ನಲ್ಲಿ. ಎದುರಾಳಿಗೆ ವಿಮಾನ ಬೇಕಿರಲಿಲ್ಲ. 13 ಕಿಲೋಮೀಟರ್ ದೂರದ ಮಾಸ್ಕೋದಿಂದ ಐಡಾಹೊ ಬಂದಿತ್ತು. ಕೊನೇ ಕ್ಷಣಗಳಲ್ಲಿ ಹೊಡೆದ ಫೀಲ್ಡ್ ಗೋಲ್‌ನಿಂದ ವಾಷಿಂಗ್ಟನ್ ಸ್ಟೇಟ್ 13–10ರಲ್ಲಿ ಗೆದ್ದಿತು.